ಅಂಟಾರ್ಕ್ಟಿಕಾ ಓದಬೇಕೆನ್ನುವ ರಾಮಥಾಳದ ತಂಗಿಗೆ



ನಿನ್ನ ಪತ್ರ ಮುಟ್ಟಿತು. ಬಿಎಸ್ಸಿ ಮುಗಿಸಿ ಧ್ರುವ ಪ್ರದೇಶದ ಕಡಲು, ಅದರ ಮೇಲಿನ ಮಂಜುಗಡ್ಡೆ ಇವನ್ನೇ ಓದಬೇಕೆಂದಿದ್ದೀಯ. ‘ಸಮುದ್ರದ ದಂಡೀನ ನೋಡದಾಕಿಗೆ ಅಂಟಾರ್ಕ್ಟಿಕಾ ಯಾಕ ಬೇಕು?’ ಅಂತ ಮನೆಯಲ್ಲಿ ಕೇಳಿದರಂತೆ. ಅವರು ಕೇಳಿದ್ದು ಸರಿಯೇ. ಉತ್ತರ ನಿನ್ನ ಹತ್ತಿರ ಇರಬೇಕು.

ಹೊಲದಿಂದಲೇ ಶುರುಮಾಡು. ರಾಮಥಾಳ ಯೋಜನೆಯಲ್ಲಿ 24,000 ಹೆಕ್ಟೇರಿಗೆ ಹನಿ ನೀರಾವರಿಯ ಕೊಳವೆ ಹಾಕಿದ್ದರು. ನೀರು ಬಿಡುವ ಕಡೆ ಡ್ರಿಪ್ಪರ್ ಸುತ್ತ ಎರೆಮಣ್ಣು ಒದ್ದೆಯಾಗಿರುತ್ತದಲ್ಲ, ಆ ಒದ್ದೆಯ ಅಂಚನ್ನು ಬಗ್ಗಿ ನೋಡು. ಎಷ್ಟೋ ಕಡೆ ಬೆಳ್ಳಗೆ ಉಪ್ಪು ಕಟ್ಟಿರುತ್ತದೆ. ನೀರು ಆವಿಯಾಗಿ ಹೋಯಿತು, ಉಪ್ಪು ಉಳಿಯಿತು. ಕಡಲು ಹೆಪ್ಪುಗಟ್ಟುವಾಗಲೂ ನೀರು, ಉಪ್ಪು ಹೀಗೇ ಅಗಲುತ್ತವೆ. ಸುಮಾರು ಮೈನಸ್ 1.8 ಡಿಗ್ರಿಯಲ್ಲಿ ಕಟ್ಟುವ ಮಂಜಿನ ಹರಳು ಉಪ್ಪನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೊರಬಿದ್ದ ಉಪ್ಪು ಕೆಳಗಿನ ತಣ್ಣೀರಿಗೆ ಸೇರಿ, ಆ ನೀರು ಭಾರವಾಗಿ ತಳಕ್ಕಿಳಿಯುತ್ತದೆ. ಅಂಟಾರ್ಕ್ಟಿಕಾದ ಅಂಚಿನಲ್ಲಿ ಇಳಿದ ನೀರು ತಳದಲ್ಲೇ ಹರಿಯುತ್ತ ಹಿಂದೂ ಮಹಾಸಾಗರದ ಆಳದವರೆಗೆ ಬರುತ್ತದೆ. ನಮ್ಮ ಮುಂಗಾರು ತೇವ ಹೀರಿಕೊಂಡು ಬರುವುದು ಇದೇ ಸಾಗರದ ಮೇಲಿಂದ. ಹಾಗಂತ ಆ ಮಂಜುಗಡ್ಡೆಯಿಂದಲೇ ನಿಮ್ಮ ಹುನಗುಂದ ಸೀಮೆಯ ಮಳೆ ಏರುಪೇರಾಗುತ್ತದೆ ಎಂದು ಹೇಳಿಬಿಡಬೇಡ. ಆ ನಂಟು ಎಷ್ಟು ಗಟ್ಟಿ ಎಂಬುದು ಇನ್ನೂ ಸಂಶೋಧನೆಯ ವಿಷಯ. ತಿಳಿದದ್ದಕ್ಕಿಂತ ಒಂದು ಮಾತು ಹೆಚ್ಚು ಹೇಳದಿರುವುದನ್ನು ಈಗಿನಿಂದಲೇ ರೂಢಿಸಿಕೋ.

ಒಗಟಂತೂ ದೊಡ್ಡದಿದೆ. 1978ರ ಕೊನೆಯಿಂದ ಉಪಗ್ರಹಗಳು ಮೈಕ್ರೋವೇವ್ ಸಂವೇದಕಗಳಿಂದ ಈ ಕಡಲ ಮಂಜುಗಡ್ಡೆಯನ್ನು ಎಡೆಬಿಡದೆ ಅಳೆಯುತ್ತಿವೆ. ಮೋಡ ಕವಿದರೂ ಧ್ರುವದ ಕತ್ತಲಿದ್ದರೂ ಅಡ್ಡಿಯಿಲ್ಲ. ಉತ್ತರದ ಆರ್ಕ್ಟಿಕ್‌ನಲ್ಲಿ ಅದು ಕುಗ್ಗುತ್ತಲೇ ಬಂತು. ದಕ್ಷಿಣದಲ್ಲಿ ಮಾತ್ರ ತುಸು ಹಿಗ್ಗುತ್ತ ಹೋಗಿ 2014ರ ಸೆಪ್ಟೆಂಬರಿನಲ್ಲಿ 2 ಕೋಟಿ ಚದರ ಕಿಲೋಮೀಟರ್ ದಾಟಿತ್ತು. 2016ರಲ್ಲಿ ದಿಢೀರನೆ ಇಳಿಯಿತು. 2023ರ ಫೆಬ್ರುವರಿಯಲ್ಲಿ, ಎಂದರೆ ಅಲ್ಲಿಯ ಬೇಸಿಗೆಯಲ್ಲಿ, ಉಳಿದದ್ದು 18 ಲಕ್ಷ ಚದರ ಕಿಲೋಮೀಟರಿನಷ್ಟು. ಆ ವರ್ಷದ ಚಳಿಗಾಲದಲ್ಲೂ 1.7 ಕೋಟಿಯ ಹತ್ತಿರಕ್ಕೆ ಬಂದು ನಿಂತುಬಿಟ್ಟಿತು. ಮೇಲ್ಪದರದ ನೀರು ಬಿಸಿಯಾಗಿರುವುದರ ಮೇಲೆ ಅನೇಕರ ಗುಮಾನಿಯಿದೆ, ಆದರೆ ಲೆಕ್ಕ ಪೂರ್ತಿ ತಾಳೆಯಾಗಿಲ್ಲ. ನಿನ್ನ ವಯಸ್ಸಿನವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದಿದೆ?

ಕೆಲಸ ಎಂದೆನಲ್ಲ, ಅದರ ಬಹುಪಾಲು ನಡೆಯುವುದು ಕಂಪ್ಯೂಟರಿನ ಮುಂದೆ. ಹಡಗು, ಕೆಂಪು ಜಾಕೀಟು, ಪೆಂಗ್ವಿನ್ ಎಲ್ಲ ಕೆಲವು ವಾರಗಳ ಮಾತು. ಆಮೇಲೆ ವರ್ಷಗಟ್ಟಲೆ ಅಂಕಿ. ಆ ಅಂಕಿಗಳ ಜತೆ ಕೂರುವುದು ನಿನಗೆ ಹಿಡಿಸುತ್ತದೆಯೇ ಎಂಬುದನ್ನು ಮೊದಲು ಪರೀಕ್ಷಿಸಿಕೋ. ಉಪಗ್ರಹದ ದತ್ತಾಂಶ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಪೈಥಾನ್ ಕಲಿತು, ಪ್ರತಿ ಸೆಪ್ಟೆಂಬರಿನ ವಿಸ್ತೀರ್ಣದ ಗ್ರಾಫನ್ನು ನೀನೇ ಎಳೆ. ಕಲನಶಾಸ್ತ್ರ, ದ್ರವಗಳ ಚಲನೆ, ಸಂಖ್ಯಾಶಾಸ್ತ್ರ ಈ ಮೂರನ್ನು ಬಿಡಬೇಡ.

ಎಂಎಸ್ಸಿಗೆ ಐಐಟಿಗಳು ನಡೆಸುವ ಜ್ಯಾಮ್ ಪ್ರವೇಶ ಪರೀಕ್ಷೆ ಬರೆ. ಸಾಗರ ವಿಜ್ಞಾನಕ್ಕೆ ಕೊಚ್ಚಿನ್ ವಿಶ್ವವಿದ್ಯಾಲಯವೂ ಹೆಸರುವಾಸಿ, ಅದರ ಪ್ರವೇಶ ಪರೀಕ್ಷೆ ಬೇರೆ. ಆಮೇಲೆ ನೆಟ್ ಅಥವಾ ಗೇಟ್ ಪಾಸಾದರೆ ಪಿಎಚ್‌ಡಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಾಯುಮಂಡಲ ಮತ್ತು ಸಾಗರ ವಿಜ್ಞಾನ ಕೇಂದ್ರವಿದೆ, ಗೋವಾದ ವಾಸ್ಕೋದಲ್ಲಿ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವಿದೆ. ಅಂಟಾರ್ಕ್ಟಿಕಾದ ನಮ್ಮ ಮೈತ್ರಿ, ಭಾರತಿ ನೆಲೆಗಳನ್ನು ನೋಡಿಕೊಳ್ಳುವುದು ವಾಸ್ಕೋದ ಈ ಕೇಂದ್ರವೇ. ಹಣದ ಮಾತನ್ನು ಮುಚ್ಚಿಡಬೇಡ. ಫೆಲೋಶಿಪ್ಪಿನಲ್ಲಿ ಒಬ್ಬಳ ಜೀವನ ನಡೆಯುತ್ತದೆ, ಮನೆಗೆ ಹೆಚ್ಚು ಕಳಿಸಲಾಗದು. ಪಿಎಚ್‌ಡಿ ಆದ ಮೇಲೂ ಸಿಗುವುದು ಬಹುತೇಕ ಗುತ್ತಿಗೆಯ ಕೆಲಸ, ಕಾಯಂ ಹುದ್ದೆ ಕಡಿಮೆ. ಆದರೆ ಇದೇ ವಿದ್ಯೆಗೆ ಹವಾಮಾನ ಇಲಾಖೆಯಲ್ಲಿ, ಇಸ್ರೋದಲ್ಲಿ, ಮೀನುಗಾರರಿಗೆ ಕಡಲಿನ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯ್ಸ್‌ನಲ್ಲಿ ಬೆಲೆಯಿದೆ.

ಹೆಣ್ಣುಮಗಳೆಂದು ಅಂಜುವವರಿಗೆ ಅದಿತಿ ಪಂತ್ ಅವರ ಹೆಸರು ಹೇಳು. ಸಮುದ್ರವಿಲ್ಲದ ನಾಗಪುರದಲ್ಲಿ ಹುಟ್ಟಿದವರು. ಜೀವವಿಜ್ಞಾನಿ ಆಲಿಸ್ಟರ್ ಹಾರ್ಡಿಯ ಸಮುದ್ರದ ಪುಸ್ತಕ ಓದಿ ಈ ದಾರಿ ಹಿಡಿದರು. 1983ರಲ್ಲಿ ಹೊರಟ ಭಾರತದ ತಂಡದಲ್ಲಿ ಅವರು, ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ ಇಬ್ಬರೂ ಅಂಟಾರ್ಕ್ಟಿಕಾ ಮುಟ್ಟಿದರು. ಇಸ್ರೋದ ಮಂಗಳಾ ಮಣಿ 56ರ ವಯಸ್ಸಿನಲ್ಲಿ ಭಾರತಿ ನೆಲೆಗೆ ಹೋಗಿ 403 ದಿನ ಇದ್ದು ಬಂದರು. ಅಲ್ಲಿಗೆ ಹೋಗುವವರಿಗೆ ವೈದ್ಯಕೀಯ ತಪಾಸಣೆಯೂ ಹಿಮಾಲಯದ ಔಲಿಯ ಹಿಮದಲ್ಲಿ ತರಬೇತಿಯೂ ಇರುತ್ತದೆ. ಮೈಯನ್ನು ಗಟ್ಟಿಯಾಗಿ ಇಟ್ಟುಕೋ.

ಮುಂಗಾರಿನ ಗಣಿತದಲ್ಲಿ ದೊಡ್ಡ ಹೆಸರಾದ ಸುಲೋಚನಾ ಗಾಡ್ಗೀಳ್ ಅವರ ಕೆಲಸವನ್ನೂ ಹುಡುಕಿ ಓದು. ಬೆಂಗಳೂರಿನ ಅದೇ ವಿಜ್ಞಾನ ಸಂಸ್ಥೆಯಲ್ಲಿದ್ದುಕೊಂಡು ಅವರು ಪಾವಗಡ, ಅನಂತಪುರ ಸೀಮೆಯ ಶೇಂಗಾ ರೈತರ ಜತೆ ಮಾತಾಡಿ, ಬಿತ್ತನೆಗೆ ಯಾವ ಹೊತ್ತು ಸರಿ ಎಂಬ ಅವರ ಪ್ರಶ್ನೆಯನ್ನೇ ಸಂಶೋಧನೆಗೆ ಎತ್ತಿಕೊಂಡರು. ಮಳೆಯ ದಾರಿ ಕಾಯುವ ಮನೆಯಲ್ಲಿ ಬೆಳೆದ ನಿನಗೆ ಅಂಥ ಪ್ರಶ್ನೆಗಳಿಗೆ ಬರವಿಲ್ಲ.

ಜ್ಯಾಮ್ ಅರ್ಜಿ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ಶುರುವಾಗುತ್ತದೆ, ಪರೀಕ್ಷೆ ಫೆಬ್ರುವರಿಯಲ್ಲಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಲು ಈ ವಾರವೇ ಕೂತುಕೋ. ತೊಡಕಾದ ಲೆಕ್ಕಗಳನ್ನು ಬರೆದು ಕಳಿಸು. ನಿಮ್ಮ ಅಪ್ಪನವರು ಮಾತಾಡಬೇಕೆಂದರೆ ತಿಳಿಸು, ನಾನೇ ರಾಮಥಾಳಕ್ಕೆ ಬರುತ್ತೇನೆ.

ನಿನ್ನ ಹಿತೈಷಿ