ಚಿಂತೆಗೂ ಒಂದು ಹೊತ್ತು ಗೊತ್ತು ಇರಲಿ

*ಹೃದಯದ ಆರೋಗ್ಯ – ಲೇಖನಮಾಲೆ*



"ಡಾಕ್ಟ್ರೇ, ಎದೆ ಡವಡವ ಅಂತದೆ. ರಾತ್ರಿ ಮೂರಕ್ಕೆ ಎಚ್ಚರ ಆದರೆ ಮತ್ತೆ ನಿದ್ದೆ ಇಲ್ಲ." ಊರು ಬಿಟ್ಟು ಬಂದು ನೆಲೆಸಿದ ನಮ್ಮವರು ಹೃದ್ರೋಗ ವೈದ್ಯರ ಮುಂದೆ ಆಗಾಗ ಹೇಳುವ ಮಾತಿದು. ಎಷ್ಟೋ ಬಾರಿ ಇಸಿಜಿ, ಎಕೋ ಎರಡೂ ನಾರ್ಮಲ್ ಇರುತ್ತವೆ. ಮೆಲ್ಲಗೆ ವಿಚಾರಿಸಿದರೆ ಒಂದೊಂದೇ ಹೊರಬರುತ್ತದೆ: ಊರಲ್ಲಿ ಇಬ್ಬರೇ ಇರುವ ಅಪ್ಪ-ಅಮ್ಮ, ಮನೆ ಸಾಲದ ಕಂತು, ಮಗಳ ಹತ್ತನೇ ತರಗತಿ, ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಭಯ. ರಾತ್ರಿ ಹತ್ತರ ಮೇಲೆ ಊರಿಂದ ಫೋನ್ ಬಂದರೆ ಸಾಕು, ಎದೆ ಧಸಕ್ಕೆನ್ನುತ್ತದೆ.

*ಚಿಂತೆಯಿಂದ ದೇಹಕ್ಕೆ ಏನಾಗುತ್ತದೆ?*

ಎದುರಿಗೆ ಹಾವು ಕಂಡರೆ ಅಡ್ರಿನಲಿನ್ ಏರುತ್ತದೆ. ಹೃದಯ ಬೇಗ ಬಡಿಯುತ್ತದೆ, ಬಿಪಿ ಹೆಚ್ಚುತ್ತದೆ, ಲಿವರ್ ರಕ್ತಕ್ಕೆ ಸಕ್ಕರೆ ಬಿಡುತ್ತದೆ. ಹಾವು ಹೋದ ಮೇಲೆ ಎಲ್ಲ ಇಳಿಯುತ್ತದೆ. ಆದರೆ "ಹಾಗಾದರೆ ಏನು ಗತಿ, ಹೀಗಾದರೆ ಏನು ಗತಿ" ಎಂಬ ಯೋಚನೆಯ ಹಾವು ಹೋಗುವುದೇ ಇಲ್ಲ. ದೇಹ ದಿನವಿಡೀ ಎಚ್ಚರದಲ್ಲೇ ಇರುತ್ತದೆ. ನಿದ್ದೆ ಕೆಡುತ್ತದೆ, ಕತ್ತು-ಭುಜ ಬಿಗಿಯುತ್ತವೆ, ಸಕ್ಕರೆ ಕಾಯಿಲೆ ಇದ್ದವರಿಗೆ ಶುಗರ್ ಹತೋಟಿಗೆ ಬರುವುದಿಲ್ಲ.

2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಎಂಬ ಅಧ್ಯಯನ 52 ದೇಶಗಳಲ್ಲಿ ನಡೆದಿತ್ತು. ಅದರ ನೇತೃತ್ವ ವಹಿಸಿದ್ದ ಡಾ. ಸಲೀಂ ಯೂಸುಫ್ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು. ಹೃದಯಾಘಾತಕ್ಕೆ ಸಂಬಂಧಿಸಿದ 9 ಮುಖ್ಯ ಅಂಶಗಳ ಪಟ್ಟಿಯಲ್ಲಿ ಧೂಮಪಾನ, ಬಿಪಿ, ಸಕ್ಕರೆ ಕಾಯಿಲೆಗಳ ಜೊತೆಗೆ ಮಾನಸಿಕ ಒತ್ತಡವೂ ಇತ್ತು. ಚಿತೆಗೂ ಚಿಂತೆಗೂ ಒಂದೇ ಸೊನ್ನೆಯ ವ್ಯತ್ಯಾಸ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ.

*ಕಾಳಜಿ ಬೇರೆ, ಚಿಂತೆ ಬೇರೆ*

ದೂರ ಇರುವವರ ಮನಸ್ಸಿನಲ್ಲಿ ಒಂದು ಅಳುಕು ಇರುತ್ತದೆ: "ನಾನು ಚಿಂತೆ ಬಿಟ್ಟರೆ ಅಪ್ಪ-ಅಮ್ಮನನ್ನು ಮರೆತ ಹಾಗಲ್ಲವೇ?" ಹಾಗಲ್ಲ. ಪುಣೆಯಲ್ಲಿ ನೀವು ನಿದ್ದೆಗೆಟ್ಟರೆ ಗದಗದಲ್ಲಿರುವ ಅಪ್ಪನ ಬಿಪಿ ಇಳಿಯುವುದಿಲ್ಲ. ಅವರಿಗೆ ಬೇಕಾಗಿರುವುದು ನಿಮ್ಮ ಕಾಳಜಿ, ಮತ್ತು ಅದನ್ನು ಕೆಲಸದಲ್ಲಿ ತೋರಿಸಬಹುದು. ಮುಂದಿನ ಸಲ ಊರಿಗೆ ಹೋದಾಗ ಇಷ್ಟು ಮಾಡಿ ಬನ್ನಿ:

• ಪಕ್ಕದ ಮನೆಯವರು, ಊರಿನ ಡಾಕ್ಟರು, ನಂಬಿಕೆಯ ಆಟೋದವರು – ಈ ಮೂರು ನಂಬರ್ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ.
• ಅವರ ಮಾತ್ರೆ ಚೀಟಿ, ಹಳೆಯ ರಿಪೋರ್ಟ್, ವಿಮೆ ಕಾರ್ಡಿನ ಫೋಟೋ ನಿಮ್ಮ ಫೋನಿನಲ್ಲಿರಲಿ.
• ತುರ್ತಿಗೆ ಯಾವ ಆಸ್ಪತ್ರೆ ಎಂದು ಈಗಲೇ ಮಾತಾಡಿಕೊಳ್ಳಿ.
• ದಿನಾ ಒಂದೇ ಹೊತ್ತಿಗೆ ಫೋನ್ ಮಾಡಿ. ಆರೋಗ್ಯ ಒಂದನ್ನೇ ಕೇಳಬೇಡಿ. ಇವತ್ತು ಏನು ಅಡುಗೆ, ಯಾರು ಬಂದಿದ್ದರು ಎಂದೂ ಕೇಳಿ.

*ದಿನಾ ಮಾಡಬಹುದಾದ 5 ಅಭ್ಯಾಸಗಳು*

*1. ಚಿಂತೆಗೆ ಸಮಯ ಕೊಡಿ.* ಸಂಜೆ 6ರಿಂದ 6.20, ಒಂದೇ ಕುರ್ಚಿ, ಒಂದು ನೋಟ್‌ಬುಕ್. ಬೆಳಗ್ಗೆ ಚಿಂತೆ ಬಂದರೆ ಒಂದು ಸಾಲು ಬರೆದಿಟ್ಟು, "ಸಂಜೆ ನೋಡೋಣ" ಎಂದು ಕೆಲಸಕ್ಕೆ ಮರಳಿ. ಸಂಜೆ ಪ್ರತಿ ಸಾಲಿನ ಮುಂದೆ ಬರೆಯಿರಿ: ನನ್ನ ಕೈಯಲ್ಲಿದೆಯೇ? ಇದ್ದರೆ ನಾಳೆ ಮಾಡುವ ಒಂದು ಕೆಲಸ. ಇಲ್ಲದಿದ್ದರೆ ಒಂದು ಗೆರೆ ಎಳೆಯಿರಿ. ಮನಶ್ಶಾಸ್ತ್ರಜ್ಞರು 1980ರ ದಶಕದಿಂದಲೂ ಬಳಸುತ್ತಿರುವ ವಿಧಾನವಿದು. ಮಲಗುವ ಮುಂಚೆ ಮಾತ್ರ ಇದು ಬೇಡ.

*2. ನಿಧಾನ ಉಸಿರು.* 4 ಎಣಿಸುತ್ತಾ ಒಳಕ್ಕೆ, 6 ಎಣಿಸುತ್ತಾ ಹೊರಕ್ಕೆ. ನಿಮಿಷಕ್ಕೆ 6 ಉಸಿರು, 5 ನಿಮಿಷ ಸಾಕು. ಉಸಿರು ಬಿಡುವಾಗ ಹೃದಯದ ಬಡಿತ ತಾನಾಗಿ ಸ್ವಲ್ಪ ಇಳಿಯುತ್ತದೆ. ಲೋಕಲ್ ರೈಲಿನಲ್ಲೂ ಮಾಡಬಹುದು. ಬಿಪಿ, ಹೃದಯದ ತೊಂದರೆ ಇರುವವರು ಜೋರಾದ ಕಪಾಲಭಾತಿಯನ್ನಾಗಲಿ, ಉಸಿರು ಹಿಡಿಯುವುದನ್ನಾಗಲಿ ವೈದ್ಯರನ್ನು ಕೇಳದೆ ಮಾಡಬೇಡಿ.

*3. ನಡಿಗೆ.* ವಾರಕ್ಕೆ 150 ನಿಮಿಷ. ಫೋನ್ ಜೇಬಿನಲ್ಲೇ ಇರಲಿ.

*4. ಕಾಫಿ, ನಿದ್ದೆ.* ಕಾಫಿಯ ಅರ್ಧದಷ್ಟು ಕೆಫೀನ್ 5 ಗಂಟೆಯ ನಂತರವೂ ರಕ್ತದಲ್ಲಿರುತ್ತದೆ. ಮಧ್ಯಾಹ್ನ 2ರ ಮೇಲೆ ಕಾಫಿ, ಚಹಾ ಬೇಡ. ಮೆಡಿಕಲ್ ಶಾಪಿನಿಂದ ನೀವಾಗಿಯೇ ನಿದ್ದೆ ಮಾತ್ರೆ ತರಲೇಬೇಡಿ.

*5. ಸಂತೋಷವನ್ನು ಮುಂದೂಡಬೇಡಿ.* "ಮಗಳ ಪರೀಕ್ಷೆ ಮುಗಿಯಲಿ, ಸಾಲ ತೀರಲಿ, ಆಮೇಲೆ" ಎಂದರೆ ಆ ಆಮೇಲೆ ಬರುವುದಿಲ್ಲ. ವಾರಕ್ಕೆ ಎರಡು ಗಂಟೆ ಇಷ್ಟದ ಕೆಲಸಕ್ಕೆ ತೆಗೆದಿಡಿ. ಭಜನೆ, ಹಾಡು, ಭಾನುವಾರ ನಾಲ್ಕು ಮನೆಯವರು ಸೇರಿ ರೊಟ್ಟಿ ಊಟ, ಏನಾದರೂ ಸರಿ. ಮಾಟುಂಗಾದ ಮೈಸೂರು ಅಸೋಸಿಯೇಷನ್, ದೆಹಲಿ ಕರ್ನಾಟಕ ಸಂಘದಂಥ ಕಡೆ ಹೋಗಿ ನಾಲ್ಕು ಕನ್ನಡ ಮಾತಾಡಿ ಬಂದರೂ ಮನಸ್ಸು ಹಗುರಾಗುತ್ತದೆ.

*ಯಾವಾಗ ವೈದ್ಯರ ಬಳಿ ಹೋಗಬೇಕು?*

ಎದೆ ಹಿಂಡಿದಂತಾಗಿ ಬೆವರು ಬಂದರೆ, ನೋವು ಕೈಗೆ ಅಥವಾ ದವಡೆಗೆ ಹರಡಿದರೆ, ಮೆಟ್ಟಿಲು ಹತ್ತುವಾಗ ಎದೆ ನೋವು ಬಂದರೆ, ತಲೆ ಸುತ್ತಿ ಬಿದ್ದರೆ "ಇದೂ ಚಿಂತೆಯೇ" ಎಂದು ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ, ಅಥವಾ 112ಕ್ಕೆ ಕರೆ ಮಾಡಿ. ಥೈರಾಯ್ಡ್, ರಕ್ತಹೀನತೆಯಿಂದಲೂ ಎದೆ ಡವಡವ ಎನ್ನಬಹುದು. ಒಮ್ಮೆ ರಕ್ತಪರೀಕ್ಷೆ ಮಾಡಿಸಿ.

ಚಿಂತೆ ತಿಂಗಳುಗಟ್ಟಲೆ ಬಿಡದಿದ್ದರೆ, ಕೆಲಸ-ಊಟ-ನಿದ್ದೆ ಕೆಟ್ಟರೆ, ಬದುಕೇ ಬೇಡ ಎನಿಸಿದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ *14416*ಕ್ಕೆ ಕರೆ ಮಾಡಿ. ಉಚಿತ, 24 ಗಂಟೆ, ಕನ್ನಡದಲ್ಲೂ ಮಾತನಾಡಬಹುದು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಬಿಪಿಗೆ ಚಿಕಿತ್ಸೆ ಇದ್ದಂತೆ ಇದಕ್ಕೂ ಇದೆ.

ಇವತ್ತು ಎಲ್ಲವನ್ನೂ ಶುರು ಮಾಡಬೇಕಿಲ್ಲ. ಒಂದು ನೋಟ್‌ಬುಕ್ ತನ್ನಿ, ಸಂಜೆಯ 20 ನಿಮಿಷ ಗೊತ್ತು ಮಾಡಿ. ಎರಡು ವಾರ ಬಿಡದೆ ಮಾಡಿ ನೋಡಿ.

ಮನೆಯವರಿಗೂ ಊರಿನವರಿಗೂ ಕಳುಹಿಸಿ.

– ನಿಮ್ಮ ಹೃದ್ರೋಗ ವೈದ್ಯ, ಎಂ.ಡಿ.