ಚಕ್ರನಾಭಿಯ ಹದ

ಯಂತ್ರದ ಕೆಲಸವು ಕಮ್ಮಟಕ್ಕೂ ಅಂಗಡಿಗೂ ಸೇರಿದುದೆಂದೂ, ವಿದ್ಯಾಶಾಲೆಗೆ ಅದರಿಂದ ಆಗಬೇಕಾದುದು ಏನೂ ಇಲ್ಲವೆಂದೂ ಭಾವಿಸುವುದು ನಮ್ಮ ವಿದ್ಯಾವಂತರಲ್ಲಿ ಒಂದು ರೂಢಿಯಾಗಿದೆ. ನಮ್ಮ ಪ್ರಾಚೀನರಿಗೆ ಈ ಉದಾಸೀನವಿರಲಿಲ್ಲ. ಚಕ್ರದ ಒಂದೊಂದು ಅಂಗಕ್ಕೂ ಅವರು ಬೇರೆ ಬೇರೆ ಹೆಸರಿಟ್ಟಿದ್ದರು: ಹೊರಬಳಸು ನೇಮಿ, ಕಡ್ಡಿಗಳು ಅರ, ನಡುಭಾಗ ನಾಭಿ, ನಾಭಿಯನ್ನು ಹಾಯ್ದು ನಿಲ್ಲುವ ದಂಡ ಅಕ್ಷ. ನಮ್ಮ ಒಕ್ಕಲಿಗನೂ ಗುಂಬ, ಅಚ್ಚು, ಕಡೆಗೀಲು ಎಂದು ತನ್ನ ಬಂಡಿಯ ಅಂಗಗಳನ್ನು ಹೆಸರಿಟ್ಟೇ ಕರೆದನು. ಒಂದು ವಸ್ತುವನ್ನು ಬಿಡಿಸಿ ನೋಡಿದವನಿಗೆ ಮಾತ್ರ ಅದರ ಅಂಗಗಳಿಗೆ ಹೆಸರಿಡುವುದು ಸಾಧ್ಯ. ಇಂದು ನಮ್ಮ ಮಕ್ಕಳು ದಿನವೂ ಏರಿ ಬರುವ ಸೈಕಲ್ಲಿನ ನಾಭಿಯನ್ನು ಹೀಗೆ ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ಇದು ಬರಿಯ ಕುತೂಹಲದ ವಿಷಯವಲ್ಲ. ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿದ ಮೇಲೆ ಹಳ್ಳಿಗಾಡಿನ ಎಷ್ಟೋ ಮಕ್ಕಳ ವ್ಯಾಸಂಗವು ಎರಡು ಗಾಲಿಗಳ ಮೇಲೆ ಸಾಗಿತು. ಬಸ್ಸಿಲ್ಲದ ಊರಿನ ಹುಡುಗಿಗೆ ಗಾಲಿ ನಿಂತರೆ ಶಾಲೆಯೇ ನಿಂತಂತೆ. ಅಲ್ಪ ಬೆಲೆಯ ಕೆಲವು ಉಕ್ಕಿನ ಗುಂಡುಗಳು ಸವೆದ ಮಾತ್ರಕ್ಕೆ ಇಡೀ ಸೈಕಲ್ಲು ಹಿತ್ತಿಲ ಗೋಡೆಗೆ ಒರಗಿ ತುಕ್ಕು ಹಿಡಿಯುವುದು ದಾನಕ್ಕೂ ವಿದ್ಯೆಗೂ ಆಗುವ ನಷ್ಟ.

ಎತ್ತಿನ ಬಂಡಿಯಲ್ಲಿ ಗುಂಬವು ಅಚ್ಚಿನ ಮೇಲೆ ನೇರವಾಗಿ ಜಾರುತ್ತ ತಿರುಗುತ್ತದೆ. ಜಾರುವಲ್ಲಿ ಘರ್ಷಣೆ ಹೆಚ್ಚು. ಆದಕಾರಣ ಕೀಲೆಣ್ಣೆಯಿಲ್ಲದೆ ಬಂಡಿ ನಡೆಯದು. ಜಾರುವುದರ ಬದಲು ಉರುಳುವಂತೆ ಮಾಡಿದರೆ ಘರ್ಷಣೆ ಬಹುಮಟ್ಟಿಗೆ ಇಳಿಯುತ್ತದೆ. ಈ ತತ್ತ್ವವನ್ನು ಅನುಸರಿಸಿ ವೇಲ್ಸ್ ದೇಶದ ಫಿಲಿಪ್ ವಾನ್ ಎಂಬಾತನು 1794ರಲ್ಲಿ ಗಾಡಿಯ ಅಚ್ಚಿಗೆ ಗುಂಡುಗಳನ್ನು ಅಳವಡಿಸುವ ವಿಧಾನಕ್ಕೆ ಪೇಟೆಂಟು ಪಡೆದನು. 1869ರಲ್ಲಿ ಪ್ಯಾರಿಸ್ಸಿನ ಜ್ಯೂಲ್ ಸುರಿರೇ ಎಂಬಾತನು ಸೈಕಲ್ಲಿಗೆ ಗುಂಡಿನ ಬೇರಿಂಗನ್ನು ಅಳವಡಿಸಿದನು. ಅದೇ ವರ್ಷದ ನವೆಂಬರಿನಲ್ಲಿ ಪ್ಯಾರಿಸ್ಸಿನಿಂದ ರೂಆನ್‌ವರೆಗೆ ನಡೆದ ಪಂದ್ಯವನ್ನು ಜೇಮ್ಸ್ ಮೂರ್ ಗೆದ್ದುದು ಅಂತಹ ಸೈಕಲ್ಲಿನ ಮೇಲೆಯೇ. ಗುಂಡುಗಳೆಲ್ಲ ಒಂದೇ ಅಳತೆಯಲ್ಲಿ ದುಂಡಗಿರಬೇಕಾದುದು ಮುಂದಿನ ತೊಡಕಾಯಿತು. 1883ರಲ್ಲಿ ಜರ್ಮನಿಯ ಶ್ವೈನ್‌ಫುರ್ಟ್ ಪಟ್ಟಣದ ಫ್ರೀಡ್ರಿಶ್ ಫಿಶರನು ಗುಂಡುಗಳನ್ನು ಸಮನಾಗಿ ಅರೆಯುವ ಯಂತ್ರವನ್ನು ನಿರ್ಮಿಸಿದ ಮೇಲೆ ಆ ತೊಡಕೂ ಬಗೆಹರಿಯಿತು.

ನಮ್ಮ ಸಾಮಾನ್ಯ ಸೈಕಲ್ಲಿನ ನಾಭಿಯ ರಚನೆ ಸರಳವಾದುದು. ಹಬ್ಬಿನ ಎರಡು ತುದಿಗಳಲ್ಲಿ ಬಟ್ಟಲಿನಂತಹ ಕಪ್ಪುಗಳು. ಆಕ್ಸಲ್ಲಿನ ಮೇಲೆ ಎದುರುಬದುರಾಗಿ ತಿರುಚಿದ ಎರಡು ಕೋನುಗಳು. ಕಪ್ಪಿಗೂ ಕೋನಿಗೂ ನಡುವೆ ಗುಂಡುಗಳ ಸಾಲು. ಕೋನು ಅಲುಗದಂತೆ ಹೊರಗಿನಿಂದ ಒಂದು ಲಾಕ್‌ನಟ್ಟು. ಸಾಮಾನ್ಯವಾಗಿ ಮುಂದಿನ ಗಾಲಿಯಲ್ಲಿ ಒಂದೊಂದು ಪಕ್ಕಕ್ಕೆ 3/16 ಅಂಗುಲದ 10 ಗುಂಡುಗಳೂ, ಹಿಂದಿನ ಗಾಲಿಯಲ್ಲಿ ಒಂದೊಂದು ಪಕ್ಕಕ್ಕೆ 1/4 ಅಂಗುಲದ 9 ಗುಂಡುಗಳೂ ಇರುತ್ತವೆ. ಸವಾರನ ಭಾರವನ್ನೆಲ್ಲ ಹೊರುವವು ಈ 38 ಗುಂಡುಗಳೇ.

ಇವುಗಳನ್ನು ಬದಲಿಸುವ ಕ್ರಮ ಹೀಗೆ. ಗಾಲಿಯನ್ನು ಕಳಚಿ, ಒಂದು ಬಟ್ಟೆಯ ಮೇಲೆ ಮಲಗಿಸಿ, ಒಂದು ಪಕ್ಕದ ಲಾಕ್‌ನಟ್ಟನ್ನೂ ಕೋನನ್ನೂ ಬಿಚ್ಚಬೇಕು. ಹಿಂದಿನ ಗಾಲಿಯಾದರೆ ಎಡಪಕ್ಕವನ್ನೇ ಬಿಚ್ಚುವುದು ಮೇಲು. ಚೈನಿನ ಪಕ್ಕದ ಕೋನನ್ನು ಇದ್ದಂತೆಯೇ ಬಿಟ್ಟರೆ ಆಕ್ಸಲ್ಲು ತನ್ನ ಸ್ಥಾನ ತಪ್ಪುವುದಿಲ್ಲ. ಗುಂಡುಗಳನ್ನು ಎಣಿಸಿ ತೆಗೆದಿಟ್ಟು, ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒರಸಬೇಕು. ಬಳಿಕ ಕೋನನ್ನೂ ಕಪ್ಪನ್ನೂ ಬೆಳಕಿಗೆ ಹಿಡಿದು ಪರೀಕ್ಷಿಸಬೇಕು. ಗುಂಡು ಹರಿದ ಜಾಡು ನುಣುಪಾಗಿ ಹೊಳೆಯುತ್ತಿದ್ದರೆ ಕ್ಷೇಮ. ಅಲ್ಲಿ ಸಣ್ಣ ಸಣ್ಣ ಕುಳಿಗಳು ಬಿದ್ದಿದ್ದರೆ ಕೋನನ್ನು ಬದಲಿಸಲೇಬೇಕು. ಗುಂಡುಗಳನ್ನಂತೂ ಒಟ್ಟಾಗಿಯೇ ಬದಲಿಸತಕ್ಕದ್ದು. ಹಳೆಯ ಎಂಟರ ನಡುವೆ ಹೊಸ ಎರಡನ್ನು ಸೇರಿಸಿದರೆ, ಸವೆಯದ ಆ ಎರಡರ ಮೇಲೆಯೇ ಭಾರ ಬೀಳುತ್ತದೆ. ಕಪ್ಪಿನಲ್ಲಿ ಗ್ರೀಸು ತುಂಬಿ ಗುಂಡುಗಳನ್ನು ಒಂದೊಂದಾಗಿ ಕೂರಿಸಬೇಕು. ಸಾಲಿನಲ್ಲಿ ಉಳಿಯುವ ಕೊಂಚ ಎಡೆಯನ್ನು ಕಂಡು ಮತ್ತೊಂದು ಗುಂಡನ್ನು ತುರುಕಬಾರದು. ಆ ಎಡೆಯಿಲ್ಲದಿದ್ದರೆ ಗುಂಡುಗಳು ಒಂದನ್ನೊಂದು ಉಜ್ಜಿಕೊಳ್ಳುತ್ತವೆ.

ಇಲ್ಲಿಯವರೆಗಿನದು ಕೈಕೆಲಸ, ಇನ್ನು ಮುಂದಿನದು ಹದ. ಕೋನನ್ನು ಬೆರಳಿನಿಂದಲೇ ತಿರುಗಿಸುತ್ತ ಹೋಗಿ, ಗುಂಡುಗಳಿಗೆ ಮೆಲ್ಲಗೆ ತಾಗಿದೊಡನೆ ನಿಲ್ಲಿಸಿ, ಕೂದಲೆಳೆಯಷ್ಟು ಹಿಂದಕ್ಕೆ ತರಬೇಕು. ತೆಳು ಸ್ಪ್ಯಾನರಿನಿಂದ ಕೋನನ್ನು ಹಿಡಿದುಕೊಂಡೇ ಲಾಕ್‌ನಟ್ಟನ್ನು ಬಿಗಿಯಬೇಕು. ಹಿಡಿಯದಿದ್ದರೆ ಕೋನೂ ಅದರೊಡನೆ ತಿರುಗಿ ಹದ ಕೆಡುತ್ತದೆ. ಅತಿ ಬಿಗಿಯಾದರೆ ಆಕ್ಸಲ್ಲನ್ನು ಬೆರಳಲ್ಲಿ ತಿರುಗಿಸುವಾಗ ಮರಳನ್ನು ಅರೆದಂತಾಗುತ್ತದೆ. ಉಕ್ಕು ಉಕ್ಕನ್ನು ತಿನ್ನುತ್ತದೆ. ಅತಿ ಸಡಿಲವಾದರೆ ಗಾಲಿ ಅತ್ತಿತ್ತ ವಾಲಾಡುತ್ತದೆ. ಕೆಲವೇ ಗುಂಡುಗಳು ಹೊಡೆತವನ್ನೆಲ್ಲ ತಿನ್ನುತ್ತವೆ. ಮುಂದಿನ ಗಾಲಿಯನ್ನು ಕೂರಿಸಿದ ಮೇಲೆ ಎರಡು ಪರೀಕ್ಷೆಗಳನ್ನು ಮಾಡಬೇಕು. ರಿಮ್ಮನ್ನು ಹಿಡಿದು ಪಕ್ಕಕ್ಕೆ ಅಲುಗಿಸಿದರೆ ಅದು ಕಟಕಟ ಎನ್ನಬಾರದು. ಗಾಲಿಯನ್ನು ನೆಲದಿಂದೆತ್ತಿ, ವಾಲ್ವು ಪಕ್ಕಕ್ಕಿರುವಂತೆ ಹಿಡಿದು ಕೈಬಿಟ್ಟರೆ, ಭಾರವಾದ ಭಾಗವು ತಾನಾಗಿಯೇ ಕೆಳಗಿಳಿದು, ಉಯ್ಯಾಲೆಯಂತೆ ಆಡಿ, ಮೆಲ್ಲನೆ ನಿಲ್ಲಬೇಕು. ಇವೆರಡರಲ್ಲೂ ಗೆದ್ದ ಗಾಲಿ ಹದದಲ್ಲಿದೆಯೆಂದು ತಿಳಿಯಬಹುದು.

ಮೋಟಾರು ವಾಹನದಲ್ಲಿಯೂ ತತ್ತ್ವ ಇದೇ. ಅಪಾಯ ಮಾತ್ರ ಹೆಚ್ಚು. 1898ರಲ್ಲಿ ಅಮೆರಿಕದ ಹೆನ್ರಿ ಟಿಮ್ಕೆನ್ ಪೇಟೆಂಟು ಪಡೆದ ಮೊನೆಗಿರಿದಾದ ರೋಲರ್ ಬೇರಿಂಗುಗಳು ಲಾರಿ, ಟ್ರಾಕ್ಟರುಗಳ ಗಾಲಿಗಳಲ್ಲಿ ಬಹಳವಾಗಿ ಬಳಕೆಗೆ ಬಂದವು. ಅಲ್ಲಿ ಗಾಲಿಯನ್ನು ತಿರುಗಿಸುತ್ತಲೇ ನಟ್ಟನ್ನು ಬಿಗಿದು, ತಯಾರಕರು ಹೇಳಿದಷ್ಟು ಸಡಿಲಿಸಿ, ಹೊಸ ಸ್ಪ್ಲಿಟ್ ಪಿನ್ನು ಹಾಕುತ್ತಾರೆ. ಬಿಗಿ ಮಿತಿಮೀರಿದರೆ ಹಬ್ಬು ಕಾಯ್ದು ಗ್ರೀಸು ಕರಗಿ, ಬೇರಿಂಗು ಹಿಡಿದುಕೊಳ್ಳುತ್ತದೆ. ಇಂದಿನ ಅನೇಕ ಕಾರುಗಳಲ್ಲಿ ಬೇರಿಂಗು ಮುಚ್ಚಿದ ಘಟಕವಾಗಿರುವುದರಿಂದ ಹೊಂದಿಸುವ ಮಾತೇ ಇಲ್ಲ. ವೇಗದೊಡನೆ ಏರುವ ಗುಂಯ್‌ಗುಡುವ ಸದ್ದು ಕೇಳಿದೊಡನೆ ನುರಿತ ಮೆಕ್ಯಾನಿಕನಿಗೆ ತೋರಿಸಿ ಇಡಿಯಾಗಿ ಬದಲಿಸಬೇಕು. ಅದು ಮಕ್ಕಳ ಕೈಗೆ ಕೊಡುವ ಕೆಲಸವಲ್ಲ. ಸೈಕಲ್ಲಿನದು ಕೊಡತಕ್ಕ ಕೆಲಸ.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿಯೂ, ದಾನಿಗಳಾದ ಮಹನೀಯರಲ್ಲಿಯೂ, ಹಳೆಯ ವಿದ್ಯಾರ್ಥಿಗಳಲ್ಲಿಯೂ ಒಂದು ಬಿನ್ನಹ. ಸೈಕಲ್ಲನ್ನು ಕೊಡುವ ಕೈ ಅದರೊಡನೆ ಒಂದು ಜೊತೆ ತೆಳು ಸ್ಪ್ಯಾನರುಗಳನ್ನೂ ಒಂದು ಡಬ್ಬಿ ಗ್ರೀಸನ್ನೂ ಶಾಲೆಗೆ ಕೊಡಲಿ. ಮಳೆಗಾಲ ಕಳೆದೊಡನೆ, ಕೆಸರುನೀರು ನಾಭಿಯೊಳಗೆ ಸೇರಿರುವ ಆ ದಿನಗಳಲ್ಲಿ, ವರ್ಷಕ್ಕೊಂದು ಅರ್ಧ ದಿನವನ್ನು ಈ ಪಾಠಕ್ಕೆ ಮೀಸಲಿಡೋಣ. ಹುಡುಗರಷ್ಟೇ ಹುಡುಗಿಯರೂ ಕೋನು ತಿರುಗಿಸಲಿ. ಎಷ್ಟು ಬಿಗಿದರೆ ಸಾಕು ಎಂಬುದನ್ನು ಪುಸ್ತಕವು ಹೇಳಬಲ್ಲದೇ ಹೊರತು ತಿಳಿಸಲಾರದು. ಅದನ್ನು ಬೆರಳೇ ಕಲಿಯಬೇಕು. ಒಮ್ಮೆ ಕಲಿತ ಬೆರಳುಳ್ಳ ಮಗು ದಾರಿಯಲ್ಲಿ ಗಾಲಿ ಕೆಟ್ಟಿತೆಂದು ಶಾಲೆಯನ್ನು ಬಿಡಬೇಕಾಗುವುದಿಲ್ಲ.