ಗಾಯ ಮಾಯುವ ಕಾಲಕ್ಕೆ ಮನಸ್ಸಿನ ಪಥ್ಯ

ಕಲಬುರಗಿ

ಗಾಯದಿಂದಾಗಿ ಅಂಕಣದ ಹೊರಗೆ ಉಳಿದಿರುವ ಕಮಲಾಪುರದ ಕಿರಿಯ ಆಟಗಾರರಿಗೆ, ಹಿರಿಯರೊಬ್ಬರ ಆಶೀರ್ವಾದಗಳು.

ಆಟದಲ್ಲಿ ಆಗುವ ಪೆಟ್ಟಿಗೆ ಎರಡು ನೆಲೆಗಳಿವೆ. ಒಂದು ಮೂಳೆ, ಸ್ನಾಯು, ಕೀಲುಗಳಲ್ಲಿದ್ದು ಎಕ್ಸ್‌ರೇಯಲ್ಲಿಯೋ ಎಂಆರ್‌ಐ ಸ್ಕ್ಯಾನಿನಲ್ಲಿಯೋ ಕಾಣಿಸುತ್ತದೆ. ಇನ್ನೊಂದು ಯಾವ ಚಿತ್ರದಲ್ಲಿಯೂ ಕಾಣಿಸದೆ, ಕಾಲು ವಾಸಿಯಾದ ಮೇಲೂ ಆ ಕಾಲನ್ನು ಮುಂದಿಡಲು ಬಿಡದ ಅಂಜಿಕೆಯಾಗಿ ಒಳಗೇ ಉಳಿದುಬಿಡುತ್ತದೆ. ಮೊದಲನೆಯದಕ್ಕೆ ವೈದ್ಯರಿದ್ದಾರೆ, ಶಸ್ತ್ರಚಿಕಿತ್ಸೆಯಿದೆ, ಫಿಸಿಯೋಥೆರಪಿಯಿದೆ. ಎರಡನೆಯದಕ್ಕೆ ಮನೆಯವರೂ ತರಬೇತುದಾರರೂ ಹೇಳುವ ಧೈರ್ಯದ ಮಾತಿನ ಹೊರತು ಹೆಚ್ಚಿನ ಆರೈಕೆ ಸಿಗುವುದು ಅಪರೂಪ. ಈ ಎರಡನೆಯ ನೆಲೆಯಲ್ಲಿ ಸಮ್ಮೋಹನ ಚಿಕಿತ್ಸೆ, ಅಂದರೆ ಜನ ಹಿಪ್ನೋಥೆರಪಿ ಎಂದು ಕರೆಯುವ ವಿಧಾನ, ಎಷ್ಟರಮಟ್ಟಿಗೆ ನೆರವಾಗಬಲ್ಲದು ಮತ್ತು ಎಲ್ಲಿ ಅದನ್ನು ನಂಬಬಾರದು ಎಂಬುದನ್ನು ತಿಳಿಸುವುದೇ ಈ ಪತ್ರದ ಉದ್ದೇಶ. ಸಮ್ಮೋಹನವು ಗಾಯದ ಮದ್ದಲ್ಲ, ಮದ್ದಿನ ಜೊತೆಗೆ ನಡೆಸಬೇಕಾದ ಪಥ್ಯ. ಪಥ್ಯವಿಲ್ಲದ ಮದ್ದು ಪೂರ್ಣ ಫಲ ಕೊಡುವುದಿಲ್ಲ, ಮದ್ದಿಲ್ಲದ ಬರಿಯ ಪಥ್ಯದಿಂದ ರೋಗ ಹೋಗುವುದಿಲ್ಲ.

ಸಮ್ಮೋಹನ ಎಂಬ ಶಬ್ದವು ನಮ್ಮ ಕಡೆಯ ಜನರಿಗೆ ವಶೀಕರಣ, ಮಾಟ, ಮಂತ್ರಗಳನ್ನು ನೆನಪಿಸುವುದರಿಂದ ಮೊದಲು ಅದರ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಗಮನವನ್ನು ಒಂದೇ ಕಡೆ ನಿಲ್ಲಿಸಿ, ಸುತ್ತಲಿನ ಅರಿವನ್ನು ಹಿಂದಕ್ಕೆ ಸರಿಸಿ, ಸೂಚನೆಗಳಿಗೆ ಮನಸ್ಸು ಹೆಚ್ಚು ಸುಲಭವಾಗಿ ಸ್ಪಂದಿಸುವಂತೆ ಮಾಡುವ ಪ್ರಜ್ಞೆಯ ಸ್ಥಿತಿಗೆ ಸಮ್ಮೋಹನ ಎಂದು ಹೆಸರು. ಆ ಸ್ಥಿತಿಯಲ್ಲಿ ನೋವು, ಆತಂಕ, ನಿದ್ರಾಹೀನತೆಗಳ ಪರಿಹಾರಕ್ಕಾಗಿ ತರಬೇತಿ ಪಡೆದ ಚಿಕಿತ್ಸಕರು ಸೂಚನೆಗಳನ್ನು ಕೊಟ್ಟರೆ ಅದು ಸಮ್ಮೋಹನ ಚಿಕಿತ್ಸೆಯಾಗುತ್ತದೆ. ಅದು ನಿದ್ದೆಯಲ್ಲ, ಮೂರ್ಛೆಯಲ್ಲ. ಒಳಗಾದ ವ್ಯಕ್ತಿಗೆ ಮಾತು ಕೇಳಿಸುತ್ತದೆ, ಒಪ್ಪದ ಸೂಚನೆಯನ್ನು ತಳ್ಳಿಹಾಕುವ ಸ್ವಾತಂತ್ರ್ಯ ಇರುತ್ತದೆ, ಬೇಡವೆನಿಸಿದಾಗ ಕಣ್ಣು ತೆರೆದು ಏಳಲೂ ಬರುತ್ತದೆ.

ಈ ತಿಳಿವಳಿಕೆ ಒಮ್ಮೆಗೇ ಬಂದದ್ದಲ್ಲ. ಹದಿನೆಂಟನೆಯ ಶತಮಾನದಲ್ಲಿ ವಿಯೆನ್ನಾದಿಂದ ಪ್ಯಾರಿಸಿಗೆ ಬಂದ ವೈದ್ಯ ಫ್ರಾಂಜ್ ಮೆಸ್ಮರ್, ದೇಹದಲ್ಲಿ ಹರಿಯುವ ಕಾಂತದ್ರವವೊಂದನ್ನು ತಾನು ಸರಿಪಡಿಸುತ್ತೇನೆಂದು ಹೇಳಿಕೊಂಡಾಗ, 1784ರಲ್ಲಿ ಫ್ರಾನ್ಸಿನ ದೊರೆ ನೇಮಿಸಿದ ಆಯೋಗವು ಅಂತಹ ದ್ರವವೇನೂ ಇಲ್ಲ, ಕಾಣುವ ಪರಿಣಾಮಗಳೆಲ್ಲ ಕಲ್ಪನಾಶಕ್ತಿಯಿಂದ ಆಗುವಂಥವು ಎಂದು ತೀರ್ಮಾನಿಸಿತು. ಮುಂದೆ ಆ ಕಲ್ಪನಾಶಕ್ತಿಯನ್ನೇ ಗಂಭೀರವಾಗಿ ಪರಿಗಣಿಸಿದವರಲ್ಲಿ ಮೊದಲಿಗರು ಕರ್ನಾಟಕಕ್ಕೆ ನೆರೆಯ ಗೋವೆಯವರು: 1756ರಲ್ಲಿ ಕಾಂದೋಳಿಯಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ನೆಲೆಸಿದ ಪಾದ್ರಿ ಅಬ್ಬೆ ಫಾರಿಯಾ. ಶಕ್ತಿ ಇರುವುದು ಮಾಡಿಸುವವನ ಕೈಯಲ್ಲಲ್ಲ, ಮಾಡಿಸಿಕೊಳ್ಳುವವನ ಮನಸ್ಸಿನಲ್ಲಿ ಎಂದು ಅವರು ಪ್ರತಿಪಾದಿಸಿದರು. ಪಣಜಿಯಲ್ಲಿ ಇಂದಿಗೂ ಅವರ ಪ್ರತಿಮೆ ಇದೆ. 1843ರಲ್ಲಿ ಪ್ರಕಟವಾದ ಪುಸ್ತಕದ ಮೂಲಕ ಜೇಮ್ಸ್ ಬ್ರೇಡ್ ಎಂಬ ವೈದ್ಯರು ಹಿಪ್ನಾಟಿಸಂ ಎಂಬ ಹೆಸರನ್ನು ಬಳಕೆಗೆ ತಂದರು. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಶಸ್ತ್ರವೈದ್ಯರು, ಈಥರ್ ಮತ್ತು ಕ್ಲೋರೋಫಾರಂ ಬಳಕೆಗೆ ಬರುವ ಮೊದಲೇ, ಇಂತಹ ಸ್ಥಿತಿಯನ್ನು ಉಂಟುಮಾಡಿ ಶಸ್ತ್ರಚಿಕಿತ್ಸೆ ನಡೆಸಲು ತೊಡಗಿದರು. ಹೀಗೆ ನೋವು ಮತ್ತು ಸಮ್ಮೋಹನಗಳ ಸಂಬಂಧದ ಚರಿತ್ರೆಯಲ್ಲಿ ಭಾರತದ ನೆಲಕ್ಕೂ ಒಂದು ಪಾಲಿದೆ.

ಸಮ್ಮೋಹನವು ನೋವಿನ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅರಿಯಬೇಕಾದರೆ ನೋವಿನ ಎರಡು ಅಂಶಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ: ನೋವು ಎಷ್ಟು ತೀವ್ರವಾಗಿದೆ ಎಂಬುದು ಒಂದು, ಅದು ಎಷ್ಟು ಅಸಹನೀಯವಾಗಿದೆ ಎಂಬುದು ಇನ್ನೊಂದು. 1997ರಲ್ಲಿ ಪಿಯರ್ ರೆನ್‌ವಿಲ್ ಮತ್ತು ಸಂಗಡಿಗರು ನಡೆಸಿದ ಮೆದುಳಿನ ಚಿತ್ರಣದ ಅಧ್ಯಯನದಲ್ಲಿ, ಅಸಹನೀಯತೆಯನ್ನು ಮಾತ್ರ ಬದಲಿಸುವ ಸೂಚನೆ ಕೊಟ್ಟಾಗ, ಭಾವನೆಯೊಡನೆ ನಂಟುಳ್ಳ ಮೆದುಳಿನ ಮುಂಭಾಗದ ಸಿಂಗ್ಯುಲೇಟ್ ಎಂಬ ಭಾಗದ ಚಟುವಟಿಕೆ ಬದಲಾಯಿತು. ಸ್ಪರ್ಶವನ್ನು ಗುರುತಿಸುವ ಭಾಗದಲ್ಲಿ ಅಂತಹ ಬದಲಾವಣೆ ಕಾಣಲಿಲ್ಲ. ಕಾಲಿನಿಂದ ಹೊರಟ ಸುದ್ದಿ ಮೆದುಳಿಗೆ ತಲುಪಿದರೂ, ಆ ಸುದ್ದಿ ಕೇಳಿ ಮನಸ್ಸು ಎಷ್ಟು ಕಂಗೆಡಬೇಕು ಎಂಬುದನ್ನು ಬದಲಿಸಬಹುದು ಎಂಬುದೇ ಇದರ ಸಾರ. 2019ರಲ್ಲಿ ಪ್ರಕಟವಾದ ಒಂದು ಸಮಗ್ರ ವಿಶ್ಲೇಷಣೆಯು 85 ಪ್ರಯೋಗಗಳ 3,632 ಮಂದಿಯ ಮಾಹಿತಿಯನ್ನು ಕ್ರೋಡೀಕರಿಸಿ, ನೋವು ತಗ್ಗಿಸುವ ನೇರ ಸೂಚನೆ ಕೊಟ್ಟಾಗ, ಸೂಚನೆಗೆ ಹೆಚ್ಚು ಸ್ಪಂದಿಸುವವರಲ್ಲಿ ನೋವು ಸುಮಾರು 42 ಪ್ರತಿಶತ, ಮಧ್ಯಮವಾಗಿ ಸ್ಪಂದಿಸುವವರಲ್ಲಿ ಸುಮಾರು 29 ಪ್ರತಿಶತ ಕಡಿಮೆಯಾಯಿತೆಂದು ತೋರಿಸಿತು. ಸ್ಪಂದಿಸುವ ಗುಣ ಕಡಿಮೆ ಇರುವವರಿಗೆ ದೊರೆತ ಪ್ರಯೋಜನ ಅಲ್ಪ. ಆದರೆ ಅವು ಆರೋಗ್ಯವಂತರಲ್ಲಿ ಪ್ರಯೋಗಕ್ಕಾಗಿ ಉಂಟುಮಾಡಿದ ನೋವಿನ ಲೆಕ್ಕಗಳಾದ್ದರಿಂದ, ಮೈದಾನದಲ್ಲಿ ಹರಿದ ಮೊಣಕಾಲಿಗೆ ಅದೇ ಅಂಕಿಯನ್ನು ಅನ್ವಯಿಸುವುದು ಸರಿಯಲ್ಲ. ಪ್ರಯೋಜನ ಎಲ್ಲರಿಗೂ ಒಂದೇ ಸಮನಾಗಿ ಸಿಗುವುದಿಲ್ಲ ಎಂಬುದನ್ನೂ ಈ ಅಂಕಿಗಳೇ ಹೇಳುತ್ತವೆ. ಪ್ರಯೋಜನವಾಗದವರು ಅದನ್ನು ತಮ್ಮ ಮನೋಬಲದ ಕೊರತೆ ಎಂದು ತಿಳಿಯಬೇಕಾಗಿಲ್ಲ.

ಕಬಡ್ಡಿ, ಕೊಕ್ಕೊ, ವಾಲಿಬಾಲ್‌ಗಳಂತಹ ಆಟಗಳಲ್ಲಿ ಓಡುತ್ತಲೇ ತಟ್ಟನೆ ತಿರುಗುವ, ಜಿಗಿದು ಒಂದೇ ಕಾಲಿನ ಮೇಲೆ ಇಳಿಯುವ ಸಂದರ್ಭಗಳು ಹೆಚ್ಚು. ಆಗ ಆಟಗಾರರು ಲಿಗಮೆಂಟ್ ಹರಿಯಿತು ಎಂದು ಹೇಳುವ ಗಾಯವು ಹಲವು ಸಲ ಎಸಿಎಲ್ ಎಂಬ, ತೊಡೆಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಮೊಣಕಾಲಿನೊಳಗೆ ಹಿಡಿದಿಡುವ ಅಸ್ಥಿರಜ್ಜುವಿಗೆ ಆಗಿರುತ್ತದೆ. ಶಸ್ತ್ರಚಿಕಿತ್ಸೆಯಿಂದ ಅದನ್ನು ಮರಳಿ ಕಟ್ಟಿದ ಮೇಲೆ ಎಷ್ಟು ಮಂದಿ ಆಟಕ್ಕೆ ಹಿಂದಿರುಗುತ್ತಾರೆಂದು 2014ರ ಒಂದು ವಿಶ್ಲೇಷಣೆ ಲೆಕ್ಕಹಾಕಿದಾಗ, ಯಾವುದಾದರೊಂದು ಆಟಕ್ಕೆ ಮರಳಿದವರು 81 ಪ್ರತಿಶತ ಇದ್ದರೂ ಸ್ಪರ್ಧಾತ್ಮಕ ಆಟಕ್ಕೆ ಮರಳಿದವರು 55 ಪ್ರತಿಶತ ಮಾತ್ರ ಎಂದು ಕಂಡುಬಂತು. ಈ ಅಂತರಕ್ಕೆ ಕಾಲಿನ ಬಲವೊಂದೇ ಕಾರಣವಲ್ಲ. ಮತ್ತೆ ಪೆಟ್ಟು ಬಿದ್ದೀತೆಂಬ ಭಯವೂ ಅದರ ಕಾರಣಗಳಲ್ಲಿ ಒಂದೆಂದು ಸಂಶೋಧಕರು ಗುರುತಿಸಿದ್ದಾರೆ. ಭಯದಿಂದ ಸ್ನಾಯು ಬಿಗಿಯುತ್ತದೆ, ಬಿಗಿದ ಸ್ನಾಯುವಿನಿಂದ ಹೆಜ್ಜೆಯ ಲಯ ಕೆಡುತ್ತದೆ, ಗಮನವು ಎದುರಾಳಿಯ ಕಾಲಿನಿಂದ ತನ್ನ ಕಾಲಿಗೆ ಸರಿಯುತ್ತದೆ. ಎದುರಂಕಣಕ್ಕೆ ಹೋದ ರೈಡರ್ ತನ್ನ ಮೊಣಕಾಲನ್ನೇ ನೆನೆಯುತ್ತಿದ್ದರೆ ಹಿಡಿತಕ್ಕೆ ಸಿಕ್ಕಿಬೀಳುವುದು ಸಹಜ.

ಈ ಭಯದ ಮೇಲೆಯೇ ಕೆಲಸ ಮಾಡಿದ ಒಂದು ಅಧ್ಯಯನ 2001ರದು. ಕ್ಯೂಪಲ್ ಮತ್ತು ಬ್ರೂವರ್ ಎಂಬ ಸಂಶೋಧಕರು ಎಸಿಎಲ್ ಶಸ್ತ್ರಚಿಕಿತ್ಸೆಯಾದ 30 ಮಂದಿಯನ್ನು ಮೂರು ಗುಂಪುಗಳಾಗಿ ಮಾಡಿ, ಒಂದು ಗುಂಪಿಗೆ ಹತ್ತು ಬಾರಿ ವಿಶ್ರಾಂತಿ ಮತ್ತು ಮಾರ್ಗದರ್ಶಿತ ಕಲ್ಪನೆಯ ಅಭ್ಯಾಸ ಮಾಡಿಸಿದರು. 24 ವಾರಗಳ ನಂತರ ಆ ಗುಂಪಿನವರಲ್ಲಿ ಮೊಣಕಾಲಿನ ಬಲ ಹೆಚ್ಚು, ನೋವು ಮತ್ತು ಮರುಗಾಯದ ಆತಂಕ ಕಡಿಮೆ ಇದ್ದವು. ಮಾರ್ಗದರ್ಶಿತ ಕಲ್ಪನೆ ಎಂದರೆ ಮೈ ಸಡಿಲಗೊಳಿಸಿ, ಗಾಯದ ಜಾಗ ಬಲಗೊಳ್ಳುವುದನ್ನೂ ಚಲನೆ ಸಲೀಸಾಗುವುದನ್ನೂ ಮನಸ್ಸಿನಲ್ಲಿ ಕಾಣುವ ಅಭ್ಯಾಸ. ಅದನ್ನು ಸಮ್ಮೋಹನದ ಒಡಹುಟ್ಟು ಎನ್ನಬಹುದೇ ಹೊರತು ಸಮ್ಮೋಹನವೇ ಎನ್ನಲಾಗದು. 1999ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಮುರಿದ ಕಣಕಾಲಿನ ಮೂಳೆ ಸಮ್ಮೋಹನದಿಂದ ಬೇಗ ಕೂಡುವ ಸೂಚನೆಯನ್ನು ಕಂಡಿತಾದರೂ ಅದರಲ್ಲಿ ಇದ್ದವರು 12 ಮಂದಿ ಮಾತ್ರ. ಅಷ್ಟರಿಂದ ಸಮ್ಮೋಹನ ಮೂಳೆ ಕೂಡಿಸುತ್ತದೆ ಎಂದು ಯಾರಾದರೂ ಜಾಹೀರಾತು ಮಾಡಿದರೆ ಅದನ್ನು ನಂಬಬಾರದು.

ಸರಿಯಾದ ಕ್ರಮದಲ್ಲಿ ಚಿಕಿತ್ಸೆ ನಡೆಯುವ ಬಗೆ ಸರಳವಾದದ್ದು. ಚಿಕಿತ್ಸಕರು ಮೊದಲು ಗಾಯದ ವಿವರ, ವೈದ್ಯರ ಸಲಹೆ, ನಿದ್ದೆ, ಆತಂಕ, ಹಿಂದಿನ ಮನೋವ್ಯಾಧಿಗಳ ವಿಚಾರ ಕೇಳಿ ತಿಳಿದುಕೊಂಡು ಒಪ್ಪಿಗೆ ಪಡೆಯುತ್ತಾರೆ. ಅನಂತರ ಉಸಿರಿನ ಮೇಲೆಯೋ ಒಂದು ಬಿಂದುವಿನ ಮೇಲೆಯೋ ಗಮನ ನಿಲ್ಲಿಸಿ, ಮೈಯ ಒಂದೊಂದೇ ಭಾಗವನ್ನು ಸಡಿಲಬಿಡಲು ಹೇಳಿ, ಮನಸ್ಸು ನೆಲೆಗೊಂಡ ಮೇಲೆ ಸೂಚನೆಗಳನ್ನು ಕೊಟ್ಟು, ಕೊನೆಗೆ ನಿಧಾನವಾಗಿ ಎಚ್ಚರಕ್ಕೆ ತರುತ್ತಾರೆ. ಸೂಚನೆಗಳು ನಿಜಕ್ಕೆ ಹತ್ತಿರವಾಗಿರಬೇಕು: ಕಾಲಿಗೆ ಏನೂ ಆಗಿಲ್ಲ ಎಂಬುದು ಕೆಟ್ಟ ಸೂಚನೆ, ಕಾಲು ದಿನದಿಂದ ದಿನಕ್ಕೆ ಭಾರ ಹೊರಲು ಕಲಿಯುತ್ತಿದೆ, ವ್ಯಾಯಾಮದ ಸೆಳೆತವನ್ನು ಗಾಬರಿಯಿಲ್ಲದೆ ಗಮನಿಸಬಹುದು ಎಂಬುದು ಒಳ್ಳೆಯ ಸೂಚನೆ. ಭಾಷೆಯ ವಿಚಾರವೂ ಇಲ್ಲಿ ಸಣ್ಣದಲ್ಲ. ಕಡಲನ್ನೇ ಕಾಣದ ಹುಡುಗನಿಗೆ ಮೊಬೈಲಿನ ಧ್ವನಿಮುದ್ರಿಕೆಯೊಂದು ಇಂಗ್ಲಿಷಿನಲ್ಲಿ ಕಡಲತೀರವನ್ನು ಕಲ್ಪಿಸಿಕೊಳ್ಳಲು ಹೇಳುವುದಕ್ಕಿಂತ, ಕಮಲಾಪುರದ ಬಾಳೆತೋಟದ ನೆರಳನ್ನೋ ಕಲಬುರಗಿಯ ಅಪ್ಪನ ಕೆರೆಯ ಸಂಜೆಗಾಳಿಯನ್ನೋ ಅವನ ಮನೆಮಾತಿನಲ್ಲಿ, ಅದು ಈ ಸೀಮೆಯ ಕನ್ನಡವಾಗಲಿ ದಖನಿ ಉರ್ದುವಾಗಲಿ, ನೆನಪಿಗೆ ತಂದರೆ ಮನಸ್ಸು ಬೇಗ ನೆಲೆ ನಿಲ್ಲುತ್ತದೆ. ಕೆಲವು ಭೇಟಿಗಳ ನಂತರ ಆಟಗಾರನೇ ದಿನಕ್ಕೆ ಹತ್ತು ಹದಿನೈದು ನಿಮಿಷ ಇದನ್ನು ಮನೆಯಲ್ಲಿ ನಡೆಸಿಕೊಳ್ಳುವುದಕ್ಕೆ ಸ್ವಸಮ್ಮೋಹನ ಎಂದು ಹೆಸರು. ಫಿಸಿಯೋಥೆರಪಿಯ ವ್ಯಾಯಾಮಕ್ಕೆ ಮುನ್ನ ಅಥವಾ ರಾತ್ರಿ ಮಲಗುವ ಮುನ್ನ ಅದನ್ನು ಮಾಡುವುದು ಅನುಕೂಲ.

ಇಷ್ಟು ಹೇಳಿದ ಮೇಲೆ ಎಚ್ಚರದ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಬೇಕಾಗಿದೆ. ನೋವು ದೇಹದ ಕಾವಲುಗಾರ. ಕಾವಲುಗಾರನ ಅತಿಯಾದ ಗಾಬರಿಯನ್ನು ತಗ್ಗಿಸುವುದು ಚಿಕಿತ್ಸೆ. ಅವನ ಬಾಯಿಗೆ ಬಟ್ಟೆ ತುರುಕಿ ಪಂದ್ಯಕ್ಕೆ ಇಳಿಯುವುದು ಅಪಾಯ. ಆದ್ದರಿಂದ ಗಾಯ ಯಾವುದೆಂದು ಮೂಳೆತಜ್ಞರು ನಿರ್ಧರಿಸುವ ಮೊದಲು ನೋವು ಅಡಗಿಸಲು ಸಮ್ಮೋಹನಕ್ಕೆ ಹೋಗಬಾರದು. ಹೊಸ ಊತ, ಜ್ವರ, ಮರಗಟ್ಟುವಿಕೆ, ಮೊಣಕಾಲು ಕುಸಿಯುವುದು ಕಂಡರೆ ಅಭ್ಯಾಸ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಭ್ರಮೆ ಅಥವಾ ತೀವ್ರ ಮನೋವ್ಯಾಧಿ ಇರುವವರು ಮನೋವೈದ್ಯರ ಸಲಹೆಯಿಲ್ಲದೆ ಇದಕ್ಕೆ ಒಳಗಾಗಬಾರದು. 2002ರಲ್ಲಿ ಆಂಟಿಗುವಾದ ಟೆಸ್ಟ್ ಪಂದ್ಯದಲ್ಲಿ ಕನ್ನಡಿಗರ ಅಭಿಮಾನದ ಅನಿಲ್ ಕುಂಬ್ಳೆ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು 14 ಓವರ್ ಬೌಲಿಂಗ್ ಮಾಡಿ ಬ್ರಯಾನ್ ಲಾರಾ ಅವರ ವಿಕೆಟ್ ಪಡೆದದ್ದನ್ನು ತರಬೇತುದಾರರು ಉದಾಹರಿಸುವುದುಂಟು. ಆದರೆ ಅದರ ಬೆನ್ನಿಗೇ ಅವರು ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿಗೆ ಮರಳಿದರೆಂಬ ಉತ್ತರಾರ್ಧವನ್ನು ಬಿಟ್ಟು ಹೇಳಿದರೆ ಆ ಉದಾಹರಣೆ ಅರ್ಧ ಸತ್ಯವಾಗುತ್ತದೆ. ಧೈರ್ಯಕ್ಕೂ ಚಿಕಿತ್ಸೆಗೂ ವೈರವಿಲ್ಲ.

ಯಾರ ಬಳಿ ಹೋಗಬೇಕು ಎಂಬುದಕ್ಕೂ ಒಂದು ಕ್ರಮವಿದೆ. ಕಮಲಾಪುರದಿಂದ ಹುಮನಾಬಾದ್ ರಸ್ತೆಯಲ್ಲಿ ಕಲಬುರಗಿಗೆ ಬಂದರೆ ಜಿಮ್ಸ್, ಇಎಸ್‌ಐಸಿ ಮತ್ತು 1963ರಿಂದ ನಡೆದುಬಂದ ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಕಾಲೇಜುಗಳಿವೆ. ಮೊದಲ ಬಾಗಿಲು ಮೂಳೆತಜ್ಞರದು, ಎರಡನೆಯದು ಫಿಸಿಯೋಥೆರಪಿಯದು, ಮೂರನೆಯದು ಮನೋವೈದ್ಯರ ಅಥವಾ ಚಿಕಿತ್ಸಾ ಮನಶ್ಶಾಸ್ತ್ರಜ್ಞರದು. ಕೇಂದ್ರ ಸರ್ಕಾರವು 2003ರಲ್ಲಿಯೇ ಸಮ್ಮೋಹನವನ್ನು ಚಿಕಿತ್ಸೆಯ ಒಂದು ವಿಧಾನವೆಂದು ಒಪ್ಪಿ, ತಕ್ಕ ತರಬೇತಿ ಪಡೆದವರು ಮಾತ್ರ ಅದನ್ನು ನಡೆಸಬೇಕೆಂದು ಹೇಳಿದೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುತ್ತದೆ. ಅದನ್ನು ಕೇಳಿ ನೋಡುವುದು ಅವಿನಯವಲ್ಲ. ವಾರಾಂತ್ಯದ ಶಿಬಿರವೊಂದರ ಪ್ರಮಾಣಪತ್ರ ತೋರಿಸಿ ಒಂದೇ ಸಲಕ್ಕೆ ವಾಸಿಮಾಡುವೆನೆಂದು ಹೇಳುವವರಿಂದ, ವ್ಯಾಯಾಮ ಬಿಡಲು ಹೇಳುವವರಿಂದ, ಮುಂಗಡವಾಗಿ ದೊಡ್ಡ ಹಣ ಕೇಳುವವರಿಂದ ದೂರವಿರುವುದು ಲೇಸು. ಕಿರಿಯರು ಹದಿನೆಂಟರೊಳಗಿನವರಾದರೆ ತಂದೆತಾಯಿಯ ಒಪ್ಪಿಗೆ ಇರಬೇಕು. ಜಿಲ್ಲೆಗಳಲ್ಲಿ ಮನೋಚಿಕಿತ್ಸೆ ಒದಗಿಸುವ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಇದೇ ಕಲ್ಯಾಣ ಕರ್ನಾಟಕದ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ ಎಂಬುದನ್ನು ನೆನೆದರೆ, ಮನಸ್ಸಿನ ನೆರವು ಕೇಳುವುದು ಈ ಸೀಮೆಗೆ ಹೊಸದೂ ಅಲ್ಲ, ನಾಚಿಕೆಯದೂ ಅಲ್ಲ. ಗಾಯದ ದಿನಗಳಲ್ಲಿ ಮನಸ್ಸು ತೀರಾ ಕುಗ್ಗಿದರೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಉಚಿತವಾಗಿ ಕರೆಮಾಡಬಹುದು.

ಕೊನೆಯದಾಗಿ ಕಾಲದ ಮಾತು. ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಗೆಳೆಯರು ಓಡುತ್ತಿರುವಾಗ, ಆಯ್ಕೆಯ ದಿನಾಂಕವೋ ನೇಮಕಾತಿಯ ದೈಹಿಕ ಪರೀಕ್ಷೆಯೋ ಹತ್ತಿರವಾಗುತ್ತಿರುವಾಗ, ಮನೆಯಲ್ಲಿ ಕಾಲು ಚಾಚಿ ಕುಳಿತ ತರುಣನಿಗೋ ತರುಣಿಗೋ ಒಂದೊಂದು ವಾರವೂ ವರ್ಷವಾಗುವುದು ನಿಜ. ಆದರೆ 2016ರಲ್ಲಿ ಪ್ರಕಟವಾದ, ಎಸಿಎಲ್ ಶಸ್ತ್ರಚಿಕಿತ್ಸೆಯಾದ 106 ಮಂದಿಯ ಅಧ್ಯಯನವೊಂದರಲ್ಲಿ, ಒಂಬತ್ತು ತಿಂಗಳ ತನಕ ಆಟಕ್ಕೆ ಮರಳುವುದನ್ನು ಮುಂದೂಡಿದ ಒಂದೊಂದು ತಿಂಗಳಿಗೂ ಮರುಗಾಯದ ಪ್ರಮಾಣ ಸುಮಾರು ಅರ್ಧದಷ್ಟು ಇಳಿದದ್ದು ಕಂಡಿತು. ಕಾಯುವ ಈ ತಿಂಗಳುಗಳನ್ನು ಕಡಿಮೆ ಮಾಡುವ ಶಕ್ತಿ ಸಮ್ಮೋಹನಕ್ಕಿಲ್ಲ. ಅವುಗಳನ್ನು ಕುದಿಯದೆ, ಕುಗ್ಗದೆ ಕಳೆಯುವ ಶಕ್ತಿಯನ್ನು ಅದು ಕೊಡಬಲ್ಲದು, ಮತ್ತು ಪಥ್ಯವೆಂದು ಅದನ್ನು ಕರೆದದ್ದು ಈ ಕಾರಣಕ್ಕಾಗಿಯೇ. ಭೌಗೋಳಿಕ ಸೂಚ್ಯಂಕದ ಮನ್ನಣೆ ಪಡೆದ ಕಮಲಾಪುರದ ಕೆಂಪುಬಾಳೆ, ಬೇರೆ ಬಾಳೆಗಳು ಸುಮಾರು 12 ತಿಂಗಳಲ್ಲಿ ಫಲ ಕೊಟ್ಟರೆ, ಸುಮಾರು 18 ತಿಂಗಳು ತೆಗೆದುಕೊಳ್ಳುತ್ತದೆ. ಅದನ್ನು ಬೆಳೆಯುವ ರೈತರು ಆ ಆರು ತಿಂಗಳನ್ನು ನಷ್ಟವೆಂದು ಬಗೆದು ಕಾಯಿ ಎಳೆಯದಾಗಿರುವಾಗಲೇ ಗೊನೆ ಕಡಿಯುವುದಿಲ್ಲ, ನೀರು ಗೊಬ್ಬರ ನಿಲ್ಲಿಸುವುದೂ ಇಲ್ಲ. ಆ ತೋಟಗಳ ನಡುವೆ ಬೆಳೆದವರಿಗೆ ಈ ತಾಳ್ಮೆಯನ್ನು ಹೊರಗಿನವರು ಕಲಿಸಬೇಕಾಗಿಲ್ಲ.

ಗಾಯ ಪೂರ್ತಿ ಮಾಯಲಿ, ಅಂಕಣಕ್ಕೆ ಮರಳುವ ಹೆಜ್ಜೆ ನಿರ್ಭಯವಾಗಿರಲಿ.

ಶುಭ ಹಾರೈಕೆಗಳೊಂದಿಗೆ,
ಹಿರಿಯ ಹಿತೈಷಿ